ನೆಲದಿಂದ ಏಳುವ ಮಳೆನೀರು: ಮೊದಲು ಹಿತ್ತಲಿನ ಚರಂಡಿಯನ್ನು ನೋಡಿ

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಗುಡ್ಡದ ಇಳಿಜಾರನ್ನು ಕಡಿದು ಸಮ ಮಾಡಿದ ಜಾಗದಲ್ಲಿದೆ. 1996ರಲ್ಲಿ ಕಟ್ಟಿದ್ದು, ಜಂಬಿಟ್ಟಿಗೆ ಗೋಡೆ, ಹಂಚಿನ ಮಾಡು. ಹಿಂಬದಿಯ ಗೋಡೆಗೂ ಧರೆಗೂ (ಗುಡ್ಡ ಕಡಿದಾಗ ಉಳಿದ ನೇರ ಮಣ್ಣಿನ ಗೋಡೆ) ಆರು ಅಡಿ ಅಂತರವಿದೆ, ಧರೆ ಹತ್ತು ಅಡಿ ಎತ್ತರವಿದೆ. ರೆಡ್ ಆಕ್ಸೈಡ್ ನೆಲದ ಮೇಲೆ ಎಂಟು ವರ್ಷದ ಹಿಂದೆ ಟೈಲ್ಸ್ ಹಾಕಿಸಿದೆವು. ನೆಲದಿಂದ ನೀರು ಏಳುತ್ತಿರುವುದು ಇದು ಮೂರನೆಯ ಮಳೆಗಾಲ. ಪುನರ್ವಸು ಮಳೆಯ ಹೊತ್ತಿಗೆ ಅಡುಗೆಮನೆ ಮತ್ತು ದೇವರಕೋಣೆಯಲ್ಲಿ ಟೈಲ್ಸ್ ಸಂದಿನಿಂದ ನೀರು ಏಳಲು ಶುರುವಾಗುತ್ತದೆ. ದಿನಕ್ಕೆ ನಾಲ್ಕೈದು ಸಲ ಬಟ್ಟೆಯಲ್ಲಿ ಒರೆಸಿ ಬಕೆಟ್ಟಿಗೆ ಹಿಂಡುತ್ತೇವೆ. ವಾಟರ್‌ಪ್ರೂಫ್ ಕೆಮಿಕಲ್ ಬಳಿದು ಇನ್ನೊಂದು ಪದರ ಟೈಲ್ಸ್ ಹಾಕಿದರೆ ನಿಲ್ಲುತ್ತದೆ ಎಂದು ಒಬ್ಬ ಗುತ್ತಿಗೆದಾರರು ಹೇಳುತ್ತಾರೆ. ನೆಲಕ್ಕೆ ತೂತು ಕೊರೆದು ಇಂಜೆಕ್ಷನ್ ಮಾಡಬೇಕು ಎಂದು ಇನ್ನೊಬ್ಬರು. ಯಾವುದು ಸರಿ? ಹಿತ್ತಲಿನಲ್ಲಿ ಪಾಚಿ ಕಟ್ಟಿ ಅಮ್ಮ ಜಾರಿಬಿದ್ದ ಕಾರಣ ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಹಳೆಯ ಮಣ್ಣಿನ ಚರಂಡಿಯನ್ನು ಮುಚ್ಚಿ, ಗೋಡೆಯಿಂದ ಧರೆಯ ಬುಡದವರೆಗೂ ಕಾಂಕ್ರೀಟ್ ಹಾಕಿಸಿದ್ದೇವೆ. ಹಾಗಾಗಿ ಹಿಂಬದಿಯಿಂದ ನೀರು ಬರುವ ಸಾಧ್ಯತೆ ಇಲ್ಲವೆಂದು ನಂಬಿದ್ದೇವೆ.

ಉತ್ತರ: ಸದ್ಯಕ್ಕೆ ಇಬ್ಬರು ಗುತ್ತಿಗೆದಾರರು ಹೇಳಿದ್ದನ್ನೂ ಮಾಡಿಸಬೇಡಿ. ನಿಮ್ಮ ತೊಂದರೆಯ ಮೂಲ ನೀವು ಕೊನೆಯಲ್ಲಿ, ಇದಕ್ಕೆ ಸಂಬಂಧವಿಲ್ಲವೆಂದು ಬರೆದ ಆ ಕಾಂಕ್ರೀಟಿನ ಕೆಳಗೇ ಇರುವ ಸಂಭವ ಹೆಚ್ಚು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಣಗಿದ್ದ ನೆಲ, ಚರಂಡಿ ಮುಚ್ಚಿದ ಮರುಮಳೆಗಾಲದಿಂದಲೇ ಒಸರಲು ತೊಡಗಿದೆ ಎಂದರೆ ಅದನ್ನು ಕಾಕತಾಳೀಯವೆಂದು ಬಿಡಲಾಗದು. ಅಮ್ಮ ಜಾರಿಬಿದ್ದ ಮೇಲೆ ನೀವು ಮಾಡಿಸಿದ ಕೆಲಸದ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಆ ಚರಂಡಿ ಮೇಲಿನ ಮಳೆನೀರನ್ನು ಸಾಗಿಸುವುದಕ್ಕಷ್ಟೇ ಇತ್ತೆಂದು ತಿಳಿದದ್ದರಲ್ಲಿ ತಪ್ಪಾಗಿದೆ.

ಮಲೆನಾಡಿನ ಗುಡ್ಡಗಳ ರಚನೆಯನ್ನು ಸ್ವಲ್ಪ ಗಮನಿಸಿದರೆ ಇದು ಅರ್ಥವಾಗುತ್ತದೆ. ಮೇಲೆ ಕಾಡುಮಣ್ಣು, ಅದರ ಕೆಳಗೆ ತೂತುತೂತಾದ ಜಂಬಿಟ್ಟಿಗೆಯ ಪದರ, ಅದರ ಕೆಳಗೆ ಕರಾವಳಿಯವರು ಶೇಡಿಮಣ್ಣು ಎನ್ನುವಂಥ ನುಣುಪಾದ ಜೇಡಿಯ ಪದರ ಅನೇಕ ಕಡೆ ಇರುತ್ತದೆ. ಮಳೆನೀರು ಜಂಬಿಟ್ಟಿಗೆಯೊಳಗೆ ಸರಾಗವಾಗಿ ಇಳಿಯುತ್ತದೆ, ಜೇಡಿಯನ್ನು ತಲುಪಿದಾಗ ಕೆಳಗಿಳಿಯಲಾರದೆ ಆ ಪದರದ ಬೆನ್ನಿನ ಮೇಲೆ ಇಳಿಜಾರಿನತ್ತ ಸರಿಯುತ್ತದೆ. ಮನೆ ಕಟ್ಟಲು ಗುಡ್ಡ ಕಡಿದಾಗ ನಾವು ಆ ದಾರಿಯನ್ನೇ ಅಡ್ಡಕ್ಕೆ ಕತ್ತರಿಸಿರುತ್ತೇವೆ. ಆದ್ದರಿಂದಲೇ ಮಿರ್ಗ ಮಳೆಯಲ್ಲಿ ಒಣಗಿರುವ ಧರೆಯ ಬುಡ ಆರಿದ್ರಾ ಕಳೆದು ಪುನರ್ವಸು ಬರುವಷ್ಟರಲ್ಲಿ ಜಿನುಗಲು ತೊಡಗುತ್ತದೆ, ಪುಷ್ಯ ಮಳೆಯಲ್ಲಿ ಒರತೆಯೇ ಆಗುತ್ತದೆ. ನಿಮ್ಮ ತಾಲ್ಲೂಕಿಗೇ ಸೇರಿದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಅರ್ಧದಷ್ಟೇ ಬೀಳುವ ಊರಿನಲ್ಲೂ ಜುಲೈ ನಡುವಿನ ಹೊತ್ತಿಗೆ ಗುಡ್ಡದ ಹೊಟ್ಟೆ ತುಂಬಿರುತ್ತದೆ. ಆಮೇಲೆ ಮಳೆ ಎರಡು ದಿನ ಹೊಳವಾದರೂ ಜಲ ನಿಲ್ಲುವುದಿಲ್ಲ.

ನಿಮ್ಮ ಹಳೆಯ ಮಣ್ಣಿನ ಚರಂಡಿ ಈ ಒಸರನ್ನು ಮನೆಯ ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ಮುಟ್ಟುವ ಮೊದಲೇ ಹಿಡಿದು ಹೊರಗೆ ಸಾಗಿಸುತ್ತಿತ್ತು. ಅದರ ತಳ ಒಳಗಿನ ನೆಲಕ್ಕಿಂತ ಒಂದೆರಡು ಅಡಿ ಕೆಳಗಿದ್ದಿರಬೇಕು. ಹಾಗಾಗಿ ಹಿಂಬದಿಯ ಮಣ್ಣಿನಲ್ಲಿ ನೀರಿನ ಮಟ್ಟ ನೆಲದ ಮಟ್ಟಕ್ಕೆ ಏರುತ್ತಲೇ ಇರಲಿಲ್ಲ. ಅಡಿಕೆ ತೋಟದಲ್ಲಿ ಬಸಿಗಾಲುವೆ ಮಾಡುವ ಕೆಲಸವೂ ಇದೇ. ತೋಟದ ಬಸಿಗಾಲುವೆಯನ್ನು ಮುಚ್ಚಿದರೆ ಮರದ ಬುಡ ಏನಾಗುವುದೆಂದು ಕೃಷಿಕರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಈಗ ಮನೆಯ ಬೆನ್ನಿಗೆ ಆಗಿರುವುದೂ ಅದೇ. ಕಾಂಕ್ರೀಟು ಮೇಲಿನಿಂದ ಬೀಳುವ ಮಳೆಯನ್ನು ತಡೆಯುತ್ತದೆ ನಿಜ, ಆದರೆ ಧರೆಯೊಳಗಿಂದ ಬರುವ ನೀರಿಗೆ ಅದು ಮುಚ್ಚಳವಾಗಿದೆ. ಹೊರಗೆ ಬರಲು ಜಾಗವಿಲ್ಲದ ನೀರು ಗೋಡೆಯ ಬುಡದ ಕಲ್ಲಿನ ಸಂದಿಯಲ್ಲಿ ನುಸುಳಿ, ಒಳಗೆ ತುಂಬಿದ ಮಣ್ಣನ್ನು ನೆನೆಸಿ, ಎಲ್ಲಕ್ಕಿಂತ ದುರ್ಬಲವಾದ ಟೈಲ್ಸ್ ಸಂದನ್ನು ಹುಡುಕಿಕೊಂಡು ಏಳುತ್ತಿದೆ.

ಇದನ್ನು ಒಳಗಿನಿಂದ ಅದುಮಿಡಲು ಏಕೆ ಆಗದು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ನೆಲದ ಮಟ್ಟಕ್ಕಿಂತ 30 ಸೆಂ.ಮೀ., ಅಂದರೆ ಸುಮಾರು ಒಂದಡಿ ಎತ್ತರಕ್ಕೆ ಹಿಂಬದಿಯಲ್ಲಿ ನೀರು ನಿಂತಿತೆಂದರೆ, ಅದು ನೆಲವನ್ನು ಕೆಳಗಿನಿಂದ ಪ್ರತಿ ಚದರ ಮೀಟರಿಗೆ 300 ಕಿಲೋದಷ್ಟು ಬಲದಿಂದ ಎತ್ತುತ್ತದೆ. ನೆಲಹಾಸಿನ ಅಡಿಗೆ ಹಾಕುವ ಹತ್ತು ಸೆಂ.ಮೀ. ದಪ್ಪದ ಬೆಡ್ ಕಾಂಕ್ರೀಟಿನ ತೂಕ ಪ್ರತಿ ಚದರ ಮೀಟರಿಗೆ 240 ಕಿಲೋ ಅಷ್ಟೆ. ನೀರು ಅಷ್ಟು ಹೊತ್ತು ಅಲ್ಲಿ ನಿಲ್ಲದೆ ಸಂದಿನಲ್ಲಿ ಹೊರಬರುತ್ತಿರುವುದರಿಂದಲೇ ನಿಮ್ಮ ನೆಲ ಇನ್ನೂ ಉಬ್ಬಿಲ್ಲ. ಸಂದುಗಳನ್ನು ಎಪಾಕ್ಸಿಯಿಂದ ಬಿಗಿಯಾಗಿ ಮುಚ್ಚಿ, ಮೇಲೆ ಇನ್ನೊಂದು ಪದರ ಹಾಕಿದರೆ ಒತ್ತಡ ಹೆಚ್ಚುತ್ತದೆ. ನೀರು ಗೋಡೆಯ ಬುಡದಿಂದಲೋ, ಪಕ್ಕದ ಕೋಣೆಯಿಂದಲೋ, ಬಾಗಿಲ ಚೌಕಟ್ಟಿನ ಕೆಳಗಿನಿಂದಲೋ ಏಳುತ್ತದೆ. ಪಾಲಿಯುರೆಥೇನ್ ಇಂಜೆಕ್ಷನ್ ಒಳ್ಳೆಯ ವಿಧಾನವೇ ಹೌದು, ಆದರೆ ಅದು ಇರುವುದು ನೆಲಮಾಳಿಗೆಯ ಗಟ್ಟಿ ಆರ್‌ಸಿಸಿ ಗೋಡೆಯಲ್ಲಿ ಬಿಟ್ಟ ಬಿರುಕನ್ನು ತುಂಬುವುದಕ್ಕೆ. ಸಡಿಲ ಮಣ್ಣಿನ ಮೇಲೆ ಕೂತ ತೆಳು ಬೆಡ್ಡಿಗೆ ಅದನ್ನು ಮಾಡಿದರೆ ದುಬಾರಿ ರಾಸಾಯನಿಕ ಮಣ್ಣಿನ ಪೊಟರೆಗಳಲ್ಲಿ ಸೇರಿಹೋಗುತ್ತದೆ.

ಕೊಪ್ಪದ ಕಡೆಯ ಒಂದು ಮನೆಗೆ ಹಲವು ವರ್ಷಗಳ ಹಿಂದೆ ನನ್ನನ್ನು ಕರೆದಿದ್ದರು. ಎರಡು ಬಾರಿ ನೆಲ ಕಿತ್ತು ಹೊಸದು ಮಾಡಿದ್ದರು, ಎರಡನೆಯ ಬಾರಿ ಒಳ್ಳೆಯ ವಾಟರ್‌ಪ್ರೂಫ್ ಪದರವನ್ನೂ ಹಾಕಿದ್ದರು. ನಾನು ಹೋದ ದಿನ ಗ್ರಾನೈಟಿನ ನೆಲ ಒಣಗಿಯೇ ಇತ್ತು, ಆದರೆ ಗೋಡೆಗೆ ಸೇರುವ ಸ್ಕರ್ಟಿಂಗಿನ ಮೇಲಂಚಿನಲ್ಲಿ ಉದ್ದಕ್ಕೂ ಬೆವರಹನಿಗಳಂತೆ ನೀರು ಸಾಲುಗಟ್ಟಿ ನಿಂತಿತ್ತು, ಅದರ ಮೇಲೆ ಮೊಣಕಾಲೆತ್ತರಕ್ಕೆ ಸುಣ್ಣ ಉದುರಿ ಬಿಳಿಯ ಉಪ್ಪು ಹೂಬಿಟ್ಟಿತ್ತು. ಮರುವರ್ಷ ಏಪ್ರಿಲಿನಲ್ಲಿ ಮನೆಯ ಹಿಂದೆ ಬಸಿಗಾಲುವೆ ತೆಗೆಸಿದೆವು. ಆ ಜುಲೈಯಲ್ಲಿ ಪೈಪಿನ ಬಾಯಿಯಿಂದ ಹೆಬ್ಬೆರಳು ಗಾತ್ರದ ತಿಳಿನೀರು ಹಗಲೂ ರಾತ್ರಿ ಹರಿಯಿತು, ನವರಾತ್ರಿ ಕಳೆದರೂ ನಿಂತಿರಲಿಲ್ಲ. ಅಷ್ಟು ನೀರು ಹಿಂದಿನ ವರ್ಷಗಳಲ್ಲೆಲ್ಲ ಮನೆಯ ಅಡಿಯಲ್ಲೇ ಇತ್ತೆಂಬುದನ್ನು ಆ ಮನೆಯ ಯಜಮಾನರು ಬಹಳ ಹೊತ್ತು ನೋಡುತ್ತ ನಿಂತಿದ್ದರು.

ಆದರೂ ನನ್ನ ಮಾತನ್ನು ಪತ್ರದ ಮೇಲಷ್ಟೇ ನಂಬಿ ಹಾರೆ ಎತ್ತಬೇಡಿ. ಈ ಮಳೆಗಾಲ ನಿಮಗೆ ಪರೀಕ್ಷೆಗೆ ಸಿಕ್ಕ ಅವಕಾಶ. ಮೊದಲಿಗೆ, ನೆಲ ಬೆವರುವುದನ್ನೂ ಒಸರುವುದನ್ನೂ ಬೇರೆ ಮಾಡಿಕೊಳ್ಳಬೇಕು, ಏಕೆಂದರೆ ಮಳೆಗಾಲದ ತೇವದ ಗಾಳಿ ತಣ್ಣನೆಯ ಟೈಲ್ಸ್ ಮೇಲೆ ತಾನೇ ಹನಿಗಟ್ಟುತ್ತದೆ. ನೆಲವನ್ನು ಒರೆಸಿ ಒಣಗಿಸಿ, ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಮೇಲ್ಮೈ ಒದ್ದೆಯಾಗಿದ್ದರೆ ಅದು ಗಾಳಿಯ ತೇವ; ಹಾಳೆಯ ಅಡಿಯಲ್ಲಿ ನೀರಿದ್ದರೆ ಅದು ನೆಲದಿಂದ ಬಂದದ್ದು. ಎರಡನೆಯದಾಗಿ, ಅಡುಗೆಮನೆಯ ನೀರಿನ ಪೈಪು ನೆಲದಡಿಯಲ್ಲಿ ಹೋಗಿದ್ದರೆ ಒಂದು ರಾತ್ರಿ ಟ್ಯಾಂಕಿನ ವಾಲ್ವ್ ಮುಚ್ಚಿಟ್ಟು ನೋಡಿ. ಬೇಸಿಗೆಯಲ್ಲಿ ನೆಲ ಪೂರ್ತಿ ಒಣಗಿರುವುದರಿಂದ ಪೈಪಿನ ಸೋರಿಕೆಯ ಸಾಧ್ಯತೆ ಕಡಿಮೆ.

ಮೂರನೆಯ ಪರೀಕ್ಷೆಯೇ ಮುಖ್ಯ. ನಿಮ್ಮ ಮನೆಯಂಗಳದಲ್ಲಿ ಬಾವಿಯಿದ್ದರೆ, ಹಗ್ಗಕ್ಕೆ ಗಂಟು ಹಾಕಿ ಬಾವಿಕಟ್ಟೆಯಿಂದ ನೀರಿನವರೆಗಿನ ಆಳವನ್ನು ಪ್ರತಿದಿನ ಬೆಳಗ್ಗೆ ಅಳೆದು, ಅಂದಿನ ಮಳೆ ಮತ್ತು ನೆಲದ ಸ್ಥಿತಿಯ ಜೊತೆಗೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದು ನೀರುಮಟ್ಟದ ಪೈಪಿನಿಂದ ಬಾವಿಕಟ್ಟೆಗೂ ಮನೆಯ ನೆಲಕ್ಕೂ ಎಷ್ಟು ಏರುತಗ್ಗು ಇದೆಯೆಂದು ಮೇಸ್ತ್ರಿ ಹತ್ತು ನಿಮಿಷದಲ್ಲಿ ಹೇಳಬಲ್ಲರು. ಬಾವಿಯ ನೀರು ನೆಲದ ಮಟ್ಟಕ್ಕಿಂತ ಐದಾರು ಅಡಿ ಕೆಳಗಿರುವಾಗಲೇ ಅಡುಗೆಮನೆ ಒಸರುತ್ತಿದ್ದರೆ, ಆ ನೀರು ಧರೆಯಿಂದ ಅಡ್ಡಡ್ಡಲಾಗಿ ಬರುತ್ತಿದೆ ಎಂದೇ ತಿಳಿಯಬೇಕು, ಮತ್ತು ಅದನ್ನು ಬಸಿಗಾಲುವೆಯಿಂದ ಪೂರ್ತಿಯಾಗಿ ತಿರುಗಿಸಬಹುದು. ಬಾವಿಯ ನೀರೇ ನೆಲದ ಮಟ್ಟಕ್ಕೆ ಏರಿದ್ದರೆ ಅದು ಇಡೀ ಜಾಗದ ಅಂತರ್ಜಲ. ಹೊಳೆದಂಡೆಯ ಮತ್ತು ಗದ್ದೆಯಂಚಿನ ಮನೆಗಳಲ್ಲಿ ಹೀಗಾಗುತ್ತದೆ, ಅಲ್ಲಿ ನಾಲ್ಕೂ ಸುತ್ತ ಬಸಿಗಾಲುವೆ ಬೇಕು, ಕೆಲವೊಮ್ಮೆ ನೆಲವನ್ನೇ ಎತ್ತರಿಸಬೇಕಾಗುತ್ತದೆ. ಗುಡ್ಡ ಕಡಿದ ನಿಮ್ಮ ಜಾಗದಲ್ಲಿ ಮೊದಲನೆಯದೇ ಇರಬಹುದೆಂದು ನನ್ನ ಅಂದಾಜು.

ಒಸರುವ ನೀರಿನ ಬಣ್ಣವನ್ನೂ ನೋಡಿ. ಬಿಳಿಯ ಬಟ್ಟೆಯಲ್ಲಿ ಒರೆಸಿ ಹಿಂಡಿದಾಗ ನೀರು ತಿಳಿಯಾಗಿದ್ದರೆ ಸಮಾಧಾನ. ಕೆಂಪು ರಾಡಿ ಇದ್ದರೆ ಅದು ಬೆಡ್ಡಿನ ಅಡಿಯ ಮಣ್ಣನ್ನು ಕೊಚ್ಚಿ ತರುತ್ತಿದೆ ಎಂದರ್ಥ, ಆಗ ನೆಲ ಒಳಗೊಳಗೇ ಟೊಳ್ಳಾಗುತ್ತದೆ. ಟೈಲ್ಸನ್ನು ನಾಣ್ಯದಿಂದ ಕುಟ್ಟಿ ನೋಡಿದರೆ ಟೊಳ್ಳಾದ ಕಡೆ ಶಬ್ದ ಬೇರೆಯಾಗಿ ಕೇಳುತ್ತದೆ.

ಈ ಮಳೆಗಾಲವನ್ನು ಕಳೆಯುವುದಕ್ಕೆ ಏನು ಮಾಡಬೇಕೆಂಬುದನ್ನು ಹೇಳುತ್ತೇನೆ. ದಯವಿಟ್ಟು ಈಗ ಧರೆಯ ಬುಡವನ್ನು ಅಗೆಯಬೇಡಿ. ನೆನೆದ ಧರೆಯ ಕಾಲನ್ನು ಮಳೆಯಲ್ಲಿ ಕಡಿಯುವುದು ಪ್ರಾಣಕ್ಕೇ ಅಪಾಯ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ನಾವೆಲ್ಲ ನೋಡಿದ್ದೇವೆ. ಮನೆ ಹಿಂದಿನ ಸಣ್ಣ ಧರೆಗೂ ಅದೇ ನಿಯಮ ಅನ್ವಯಿಸುತ್ತದೆ. ಧರೆಯ ನೆತ್ತಿಯಲ್ಲಿ ಉದ್ದನೆಯ ಬಿರುಕು ಬಿಟ್ಟಿದ್ದರೆ, ಮರಗಳು ಮನೆಯತ್ತ ವಾಲಿದ್ದರೆ, ತಿಳಿಯಾಗಿದ್ದ ಒಸರು ಒಮ್ಮೆಲೇ ರಾಡಿಯಾದರೆ, ನೆಲದ ಚಿಂತೆಯನ್ನು ಬದಿಗಿಟ್ಟು ಹಿಂಬದಿಯ ಕೋಣೆಗಳಲ್ಲಿ ಮಲಗುವುದನ್ನು ನಿಲ್ಲಿಸಿ, ಪಂಚಾಯಿತಿಗೆ ತಿಳಿಸಿ.

ಅಂಥ ಸೂಚನೆ ಇಲ್ಲದಿದ್ದರೆ, ಅಡುಗೆಮನೆಯ ಹಿಂಗೋಡೆಗೆ ತಾಗಿದ ಒಂದು ಸಾಲು ಟೈಲ್ಸನ್ನು ತೆಗೆಸಿ, ನಾಲ್ಕು ಅಂಗುಲ ಅಗಲದ ಸಣ್ಣ ಕಾಲುವೆಯನ್ನು ಬೆಡ್ಡಿನಲ್ಲಿ ಕೊರೆಸಿ, ಅದರ ನೀರು ಇಳಿಜಾರಿನ ಕಡೆಯ ಗೋಡೆಯ ತೂತಿನಿಂದ ಹೊರಹೋಗುವಂತೆ ಮಾಡಿಸಿ. ನೀರಿಗೆ ನಾವೇ ಒಂದು ಬಾಯಿ ತೋರಿಸಿಕೊಟ್ಟರೆ ಉಳಿದ ನೆಲದಲ್ಲಿ ಏಳುವುದು ಗಣನೀಯವಾಗಿ ಕಡಿಮೆಯಾಗುತ್ತದೆ. ಅಕ್ಕಿಯ ಚೀಲ ಮತ್ತು ಗ್ಯಾಸ್ ಸಿಲಿಂಡರನ್ನು ಹಲಗೆಯ ಮೇಲಿಡಿ. ಒದ್ದೆ ನೆಲದ ಮನೆಯಲ್ಲಿ ಮಿಕ್ಸಿ, ಫ್ರಿಜ್ ಬಳಸುವಾಗ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು) ಇರಲೇಬೇಕು. ಇಲ್ಲದಿದ್ದರೆ ನಾಳೆಯೇ ಹಾಕಿಸಿ.

ಇನ್ನು ಶಾಶ್ವತ ಕೆಲಸ. ಇದನ್ನು ಫೆಬ್ರುವರಿಯಿಂದ ಏಪ್ರಿಲ್ ನಡುವೆ, ಧರೆ ಒಣಗಿರುವಾಗ ಮಾಡಬೇಕು. ಮೊದಲು ಮೇಲಿನ ನೀರು. ನಿಮ್ಮ ಮಾಡಿನ ಹಿಂಭಾಗ ಸುಮಾರು 600 ಚದರ ಅಡಿ ಇದೆಯೆಂದಿಟ್ಟುಕೊಂಡರೆ, 100 ಮಿ.ಮೀ. ಮಳೆ ಬಿದ್ದ ಒಂದು ದಿನದಲ್ಲಿ 5,500 ಲೀಟರು ನೀರು ಆ ಆರಡಿಯ ಇಕ್ಕಟ್ಟಿನೊಳಗೆ ಬೀಳುತ್ತದೆ. ಹಿಂದೆ ಅಡಿಕೆ ದಬ್ಬೆಯನ್ನು ಸೂರಿಗೆ ಕಟ್ಟಿ ಈ ನೀರನ್ನು ದೂರ ಸಾಗಿಸುತ್ತಿದ್ದರು. ಈಗ ಪಿವಿಸಿ ಗಟರ್ ಹಾಕಿಸಿ ಮನೆಯ ಮುಂದಿನ ತಗ್ಗಿಗೆ ಬಿಡಿ. ಧರೆಯ ನೆತ್ತಿಯಿಂದ ಕೆಲವು ಅಡಿ ಹಿಂದೆ, ಮೇಲಿನಿಂದ ಹರಿದು ಬರುವ ನೀರನ್ನು ಎರಡೂ ಬದಿಗೆ ತಿರುಗಿಸುವ ಅಗಳು ಬೇಕು, ಮತ್ತು ಅದರ ತಳಕ್ಕೆ ಕಾಂಕ್ರೀಟು ಹಾಕಿರಬೇಕು. ಬರಿಯ ಮಣ್ಣಿನ ಅಗಳು ನೀರನ್ನು ನಿಧಾನಕ್ಕೆ ಧರೆಯೊಳಕ್ಕೇ ಕುಡಿಸುತ್ತದೆ. ಮನೆಯ ಮೇಲಿನ ಇಳಿಜಾರಿನಲ್ಲಿ ಇಂಗುಗುಂಡಿ ತೋಡಿದ್ದರೆ ಅದನ್ನು ಮುಚ್ಚಿ ಬೇರೆಡೆಗೆ ಬದಲಾಯಿಸಿ. ಇಂಗುಗುಂಡಿ ಬಹಳ ಒಳ್ಳೆಯ ಕೆಲಸ, ನಾನೇ ಅನೇಕರಿಗೆ ಹೇಳಿ ಮಾಡಿಸಿದ್ದೇನೆ. ಆದರೆ ಮನೆಯ ನೆತ್ತಿಯ ಮೇಲೆ ಅದು ಇರಕೂಡದು.

ಆಮೇಲೆ ಬಸಿಗಾಲುವೆ. ಹಿತ್ತಲಿನ ಕಾಂಕ್ರೀಟನ್ನು ಒಡೆದು, ಗೋಡೆಗೂ ಧರೆಗೂ ನಡುವೆ ಒಂದೂವರೆ ಅಡಿ ಅಗಲದ ಕಾಲುವೆ ತೆಗೆಯಬೇಕು. ಅದರ ತಳ ಒಳಗಿನ ನೆಲಕ್ಕಿಂತ ಕನಿಷ್ಠ ಎರಡು ಅಡಿ ಕೆಳಗಿರಬೇಕು, ಆದರೆ ಪಂಚಾಂಗದ ಅಡಿಗಲ್ಲಿಗಿಂತ ಕೆಳಗೆ ಹೋಗಕೂಡದು. ಹೋದರೆ ಗೋಡೆ ಕೂರುವ ಅಪಾಯವಿದೆ. ಆದ್ದರಿಂದ ಕೆಲಸಕ್ಕೆ ಮೊದಲು ಒಂದು ಕಡೆ ಗುಂಡಿ ತೋಡಿ ಪಂಚಾಂಗ ಎಷ್ಟು ಆಳಕ್ಕಿದೆಯೆಂದು ಕಣ್ಣಾರೆ ನೋಡಿಕೊಳ್ಳಿ. ಅದು ಆಳ ಕಡಿಮೆಯಿದ್ದರೆ ಕಾಲುವೆಯನ್ನು ಗೋಡೆಯಿಂದ ದೂರ ಸರಿಸಬೇಕು. ಜೆಸಿಬಿ ಬೇಡ, ಅಷ್ಟು ಇಕ್ಕಟ್ಟಿನಲ್ಲಿ ಅದು ಧರೆಯನ್ನೂ ಗೋಡೆಯನ್ನೂ ಅಲುಗಿಸುತ್ತದೆ. ಕೈಯಾಳುಗಳಿಂದ ಹತ್ತು ಹತ್ತು ಅಡಿಯ ತುಂಡುಗಳಾಗಿ ಅಗೆಸಿ, ಒಂದು ತುಂಡನ್ನು ತುಂಬಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಿ. ಕೆಲಸವನ್ನು ನೀರು ಹೊರಬೀಳುವ ತಗ್ಗಿನ ಕಡೆಯಿಂದ ಆರಂಭಿಸಿ, ಹತ್ತು ಮೀಟರಿಗೆ ಹತ್ತು ಸೆಂ.ಮೀ.ನಷ್ಟು ವಾಟ ಬರುವಂತೆ ಮೇಲಕ್ಕೆ ಸಾಗಬೇಕು.

ಅಗೆದ ಕಾಲುವೆಗೆ ಮೊದಲು ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಹಾಸಿ, ಎರಡೂ ಬದಿಯಲ್ಲಿ ಮೇಲಕ್ಕೆ ಮಡಚುವಷ್ಟು ಬಿಡಬೇಕು. ಈ ಬಟ್ಟೆ ನೀರನ್ನು ಬಿಟ್ಟುಕೊಂಡು ಮಣ್ಣನ್ನು ತಡೆಯುತ್ತದೆ; ದುಡ್ಡು ಉಳಿಸಲೆಂದು ಇದನ್ನು ಬಿಟ್ಟವರ ಬಸಿಗಾಲುವೆಗಳು ಕೆಲವೇ ಮಳೆಗಾಲಗಳಲ್ಲಿ ಹೂಳಿನಿಂದ ಕಟ್ಟಿಹೋದದ್ದನ್ನು ನೋಡಿದ್ದೇನೆ. ಅದರ ಮೇಲೆ ಮೂರು ಅಂಗುಲ 20 ಮಿ.ಮೀ. ಜಲ್ಲಿ, ಜಲ್ಲಿಯ ಮೇಲೆ 110 ಮಿ.ಮೀ. ವ್ಯಾಸದ ತೂತು ಕೊರೆದ ಪಿವಿಸಿ ಪೈಪು. ತೂತುಗಳು ಮೇಲ್ಮುಖವಾಗಿರದೆ ಕೆಳಗಿನ ಎರಡು ಪಕ್ಕೆಗಳಿಗೆ ಇರಬೇಕು. ನೀರು ಏರಿ ತೂತಿಗೆ ಮುಟ್ಟಿದ ಕೂಡಲೇ ಪೈಪಿನೊಳಗೆ ಹರಿದುಹೋಗಬೇಕೆಂಬುದೇ ಉದ್ದೇಶ. ಮೇಲೆ ಮತ್ತೆ ಜಲ್ಲಿ ತುಂಬಿ, ನೆಲಮಟ್ಟಕ್ಕೆ ಮುಕ್ಕಾಲು ಅಡಿ ಇರುವಾಗ ಬಟ್ಟೆಯನ್ನು ಮಡಚಿ ಮುಚ್ಚಬೇಕು. ನಲವತ್ತು ಅಡಿ ಉದ್ದ, ಮೂರು ಅಡಿ ಆಳದ ಕಾಲುವೆಗೆ ಸುಮಾರು 130 ಘನ ಅಡಿ ಜಲ್ಲಿ ಹಿಡಿಯುತ್ತದೆ. ಜಲ್ಲಿಯಲ್ಲಿ ಪುಡಿ ಇರಬಾರದು, ಇದ್ದರೆ ತೊಳೆದು ಹಾಕಿಸಿ. ಮೇಲಿನ ತುದಿಯಲ್ಲಿ ಮತ್ತು ಪ್ರತಿ ತಿರುವಿನಲ್ಲಿ ಒಂದೊಂದು ನೇರ ಪೈಪನ್ನು ನೆಲದ ಮೇಲಕ್ಕೆ ತಂದು ಮುಚ್ಚಳ ಹಾಕಿಟ್ಟರೆ, ಮುಂದೆ ಹೋಸ್ ಬಿಟ್ಟು ತೊಳೆಯಬಹುದು. ಮಾಡಿನ ನೀರನ್ನಾಗಲಿ ಬಚ್ಚಲ ನೀರನ್ನಾಗಲಿ ಈ ಪೈಪಿಗೆ ಸೇರಿಸಬೇಡಿ. ಜೋರು ಮಳೆಯಲ್ಲಿ ಪೈಪು ತುಂಬಿದರೆ ಆ ನೀರು ತೂತುಗಳಿಂದ ಹೊರಬಿದ್ದು ಮನೆಯ ಬುಡವನ್ನೇ ನೆನೆಸುತ್ತದೆ.

ಅಮ್ಮನ ವಿಷಯ ಮರೆತಿಲ್ಲ. ಬಸಿಗಾಲುವೆ ನೆಲದಡಿ ಇರುವುದರಿಂದ ಅದರ ಮೇಲೆ ಮತ್ತೆ ನಡೆದಾಡುವ ದಾರಿ ಮಾಡಬಹುದು. ಮುಕ್ಕಾಲು ಅಡಿಯಲ್ಲಿ ಸ್ವಲ್ಪ ಮಣ್ಣು ಕುಟ್ಟಿ, ಗೋಡೆಯ ಕಡೆಯಿಂದ ಹೊರಕ್ಕೆ ವಾಟ ಕೊಟ್ಟು, ಒರಟಾದ ಕಲ್ಲುಚಪ್ಪಡಿ ಹಾಸಿ, ಧರೆಯ ಬುಡಕ್ಕೆ ಮಾತ್ರ ಒಂದಡಿಯ ತೆರೆದ ಚರಂಡಿ ಬಿಡಿ. ಚಪ್ಪಡಿಯ ಮಟ್ಟ ಒಳನೆಲಕ್ಕಿಂತ ಕನಿಷ್ಠ ಅರ್ಧ ಅಡಿ ತಗ್ಗಿರಲೇಬೇಕು. ಗೋಡೆಗೆ ಒಂದು ಕೈಹಿಡಿಯನ್ನೂ ಹಾಕಿಸಿ.

ಇಷ್ಟಾದ ಮೇಲೆ ಒಂದು ಪೂರ್ತಿ ಮಳೆಗಾಲ ಕಾಯಿರಿ, ಒಳನೆಲವನ್ನು ಮುಟ್ಟಬೇಡಿ. ನೀರು ಏಳುವುದು ನಿಂತು, ಬರಿಯ ಶೀತ ಉಳಿದರೆ ಅದಕ್ಕೆ ಕಾರಣ ಮಣ್ಣು ತೇವವನ್ನು ಬತ್ತಿಯಂತೆ ಮೇಲಕ್ಕೆ ಹೀರುವುದು. ಜೇಡಿಮಣ್ಣಿನಲ್ಲಿ ತೇವ ಹೀಗೆ ಒಂದು ಮೀಟರಿಗೂ ಹೆಚ್ಚು ಏರಬಲ್ಲದು. ಆಗ ಮಾತ್ರ ಆ ಎರಡು ಕೋಣೆಗಳ ನೆಲವನ್ನು ಕಿತ್ತು, ಅರ್ಧ ಅಡಿ 40 ಮಿ.ಮೀ. ಜಲ್ಲಿಯನ್ನು ಪುಡಿಯಿಲ್ಲದೆ ತುಂಬಿ, ಮೇಲೆ ತೆಳುವಾಗಿ ಕಾಂಕ್ರೀಟು ಎಳೆದು, 250 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆಯನ್ನು ಒಂದಡಿ ಒಂದರ ಮೇಲೊಂದು ಬರುವಂತೆ ಹಾಸಿ, ಗೋಡೆಯ ಬುಡದಲ್ಲಿ ಮೇಲಕ್ಕೆ ತಿರುಗಿಸಿ, ಅದರ ಮೇಲೆ ನಾಲ್ಕು ಅಂಗುಲ ಕಾಂಕ್ರೀಟು ಹಾಕಿ ಟೈಲ್ಸ್ ಹಾಸಿ. ದೊಡ್ಡ ಜಲ್ಲಿಯ ನಡುವಿನ ಖಾಲಿ ಜಾಗ ತೇವ ಮೇಲೇರುವುದನ್ನು ತಡೆಯುತ್ತದೆ. ಆ ಜಲ್ಲಿಪದರದಿಂದ ಒಂದು ಪೈಪನ್ನು ಗೋಡೆಯಡಿಯಿಂದ ಹೊರಗಿನ ಬಸಿಗಾಲುವೆಗೆ ಜೋಡಿಸಿದರೆ ಮುಂದೆ ಎಂದಾದರೂ ನೀರು ಬಂದರೂ ಅದಕ್ಕೆ ದಾರಿಯಿರುತ್ತದೆ. ಬಹುಶಃ ಈ ಖರ್ಚು ನಿಮಗೆ ಬೇಕಾಗಲಿಕ್ಕಿಲ್ಲ.

ಕೊನೆಯದಾಗಿ ಪೈಪಿನ ಬಾಯಿ. ಕೊಪ್ಪದ ಆ ಮನೆಯಲ್ಲಿ ಐದನೆಯ ವರ್ಷ ನೆಲ ಮತ್ತೆ ಒದ್ದೆಯಾಯಿತೆಂದು ಫೋನ್ ಬಂದಾಗ ನಾನು ಹೋಗಿ ನೋಡಿದೆ. ಬಾಯಿಗೆ ಹಾಕಿದ್ದ ಜಾಲರಿ ತುಕ್ಕು ಹಿಡಿದು ಉದುರಿತ್ತು, ಏಡಿಗಳು ಒಳಗೆ ಮಣ್ಣು ತುಂಬಿದ್ದವು, ಮೇಲೆ ಜರಿಗಿಡ ಬೆಳೆದು ಬಾಯಿ ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ಕತ್ತಿಯಿಂದ ಸವರಿ, ಒಂದು ಉದ್ದನೆಯ ಬಿದಿರಿನಿಂದ ಚುಚ್ಚಿದ ಕೂಡಲೇ ಮೊದಲು ರಾಡಿ, ಆಮೇಲೆ ಕೆಂಪುನೀರು, ಸ್ವಲ್ಪ ಹೊತ್ತಿಗೆ ತಿಳಿನೀರು ಬಂತು. ಮೂರನೆಯ ದಿನಕ್ಕೆ ನೆಲ ಒಣಗಿತು. ಆದ್ದರಿಂದ ಜಾಲರಿಯನ್ನು ಸ್ಟೀಲಿನದೇ ಹಾಕಿಸಿ, ಬಾಯಿಯ ಸುತ್ತ ನಾಲ್ಕು ಕಲ್ಲು ಕಟ್ಟಿ ಗುರುತು ಮಾಡಿಡಿ, ಮತ್ತು ಪ್ರತಿ ವರ್ಷ ಮೇ ತಿಂಗಳಲ್ಲಿ ತೋಟದ ಬಸಿಗಾಲುವೆ ಬಿಡಿಸುವ ಆಳುಗಳಿಂದಲೇ ಅದೇ ದಿನ ಇದನ್ನೂ ಬಿಡಿಸಿ. ಈ ಪುಷ್ಯ ಮುಗಿಯುವವರೆಗಿನ ಬಾವಿಯ ಅಳತೆಗಳನ್ನು ಬರೆದಿಟ್ಟು, ಹಿತ್ತಲಿನ ಎರಡು ಫೋಟೋಗಳ ಜೊತೆ ಕಳುಹಿಸಿದರೆ, ಕಾಲುವೆ ಎಷ್ಟು ಆಳಕ್ಕೆ ಹೋಗಬೇಕು, ಯಾವ ಮೂಲೆಯಿಂದ ಹೊರಬೀಳಬೇಕು ಎಂಬುದನ್ನು ನಿಖರವಾಗಿ ಹೇಳುತ್ತೇನೆ.